ಹಿಮ್ಮೇಳದವರಿಗೆ ಹಿಮ್ಮೇಳದವರೇ ಸಾಕ್ಷಿ

ನನ್ನ ಸೋದರಳಿಯ ಬೆಂಗಳೂರಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ವಾರದ ಐದು ದಿನ ಸಾಫ್ಟ್‌ವೇರ್ ಕಂಪನಿಯೊಂದರ ದುಡಿಮೆ, ಉಳಿದೆರಡು ದಿನ ಈ ವಾದ್ಯ. ಕಳೆದ ಮಳೆಗಾಲದ ಒಂದು ಸಂಜೆ, ತನ್ನಂತೆಯೇ ಬೇಸ್ ನುಡಿಸುವ ಮೂವರು ಗೆಳೆಯರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. ಸಂಗೀತದ ಕುರಿತು ಗಂಭೀರ ಚರ್ಚೆ ನಡೆದೀತು, ನಾನೂ ಒಂದಿಷ್ಟು ತಿಳಿದುಕೊಂಡೇನು ಎಂದು ಕಾದು ಕುಳಿತೆ. ಎರಡು ಗಂಟೆಗಳ ಕಾಲ ಅವರು ಮಾಡಿದ್ದು ಒಬ್ಬರನ್ನೊಬ್ಬರು ಗೇಲಿ ಮಾಡುವ ಕೆಲಸವನ್ನಷ್ಟೇ. ಒಬ್ಬಾತ ಮದುವೆಯ ಆರತಕ್ಷತೆಯೊಂದರಲ್ಲಿ ನುಡಿಸುತ್ತಿದ್ದಾಗ ಛಾಯಾಗ್ರಾಹಕ ಬಂದು, ‘ಸ್ವಲ್ಪ ಆ ಕಡೆ ಸರಿಯಿರಿ, ಹಾಡುವವರು ಕಾಣಿಸುತ್ತಿಲ್ಲ’ ಎಂದನಂತೆ. ಇನ್ನೊಬ್ಬನ ವಾದ್ಯದ ತಂತು ಹಾಡಿನ ನಡುವೆಯೇ ಕಳಚಿ ಬಿದ್ದು ಸದ್ದು ನಿಂತುಹೋಯಿತು. ಸಭಿಕರಲ್ಲಿ ಒಬ್ಬರೂ ಗಮನಿಸಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಇಬ್ಬರು ಮಾತ್ರ ಗಟ್ಟಿಯಾಗಿ ನಕ್ಕರು. ಅವರೂ ಬೇಸ್ ವಾದಕರೇ. ಆ ಇಬ್ಬರು ಅಂದು ನಮ್ಮ ಸೋಫಾದ ಮೇಲೆ ಕುಳಿತು ಮತ್ತೊಮ್ಮೆ ಅಷ್ಟೇ ಗಟ್ಟಿಯಾಗಿ ನಗುತ್ತಿದ್ದರು.

ಈ ನಗೆಯನ್ನು ನಾನು ಹಿಂದೆಯೂ ಕೇಳಿದ್ದೆ. 1990ರ ದಶಕದ ಆರಂಭದಲ್ಲಿ, ಸರ್ಕಾರಿ ನೌಕರಿಯ ಮೊದಲ ವರ್ಷಗಳಲ್ಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಜೀಪಿನಲ್ಲಿ ಅಲೆಯುತ್ತಿದ್ದಾಗ. ಆದರೆ ಅಲ್ಲಿಗೆ ಹೋಗುವ ಮುನ್ನ ಈ ಬೇಸ್ ಎಂಬುದೇನೆಂದು ಒಂದೆರಡು ಮಾತು ಹೇಳಬೇಕು.

ಗಿಟಾರಿನ ಕೆಳಗಿನ ನಾಲ್ಕು ತಂತಿಗಳನ್ನೇ ಒಂದು ಸ್ಥಾಯಿ ತಗ್ಗಿಸಿದರೆ ಬೇಸ್ ಗಿಟಾರಿನ ಶ್ರುತಿ ಸಿಗುತ್ತದೆ. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಕಿವಿಗೆ ಕೇಳುವುದಕ್ಕಿಂತ ಎದೆಗೆ ತಾಗುವ ದನಿ ಅದು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಇದನ್ನು ಮಾರುಕಟ್ಟೆಗೆ ತಂದ. ಬೀಟಲ್ಸ್ ತಂಡದಲ್ಲಿದ್ದ ಬೇಸ್ ವಾದಕ 1961ರಲ್ಲಿ ತಂಡ ಬಿಟ್ಟಾಗ ಆ ಜಾಗಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ; ಕೊನೆಗೆ ಪಾಲ್ ಮೆಕಾರ್ಟ್ನಿ ಅದನ್ನು ಹೆಗಲಿಗೇರಿಸಿಕೊಂಡ. ಇಂಥ ಕೆಲಸಕ್ಕೆ ಪೈಪೋಟಿ ಇರುವುದಿಲ್ಲ. ಕೇಳುಗ ಹಾಡುಗಾರನನ್ನು ಕೇಳುತ್ತಾನೆ, ತಾಳಕ್ಕೆ ಕಾಲು ಕುಣಿಸುತ್ತಾನೆ. ನಡುವೆ ಇವೆರಡನ್ನೂ ಹೊತ್ತು ನಿಂತ ತಗ್ಗು ಸ್ವರ ಅವನ ಅರಿವಿಗೆ ಬರುವುದು ಅದು ಇಲ್ಲವಾದಾಗ ಮಾತ್ರ.

ಇಲ್ಲವಾದಾಗ ಏನಾಗುತ್ತದೆಂಬುದನ್ನು ನೋಡಬೇಕಾದರೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಬಳಿಕ ಡೆಂಕನಮರಡಿಯಲ್ಲಿ ನಡೆಯುವ ಕಾರಣಿಕಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಡಮರುಗ, ಡೊಳ್ಳು, ಜನರ ಗದ್ದಲ ಎಲ್ಲವೂ ಒಂದೇ ಏಟಿಗೆ ನಿಲ್ಲುತ್ತವೆ. ಎಲ್ಲರೂ ಆ ಒಂದು ಸಾಲಿನ ಭವಿಷ್ಯವಾಣಿಗೆ ಕಿವಿಗೊಡುತ್ತಾರೆ. ನಾನು ಮೊದಲ ಸಲ ಬಂದೋಬಸ್ತಿನ ಕರ್ತವ್ಯದ ಮೇಲೆ ಅಲ್ಲಿ ನಿಂತಿದ್ದಾಗ ಕಾರಣಿಕದ ಸಾಲು ನನ್ನ ಕಿವಿಗೆ ಬೀಳಲೇ ಇಲ್ಲ. ಮುಂಜಾನೆಯಿಂದ ಕಾಲಡಿಯ ನೆಲ ಅದುರುತ್ತಿತ್ತು ಎಂಬುದು ಆ ಕ್ಷಣದಲ್ಲಿ ಹೊಳೆದು ಬೆರಗಾಗಿ ನಿಂತಿದ್ದೆ.

ನಮ್ಮ ಈ ಐದೂ ತಾಲ್ಲೂಕುಗಳಲ್ಲಿ ತಗ್ಗು ದನಿಯ ವಾದ್ಯಗಳಿಗೆ ಕೊರತೆಯಿಲ್ಲ. ನಂದಿಕೋಲು, ವೀರಗಾಸೆಗಳ ಜೊತೆಗೆ ಸಮಾಳ. ಅದು ಜೋಡಿ ಚರ್ಮವಾದ್ಯ, ಒಂದರ ದನಿ ಏರು, ಇನ್ನೊಂದರದು ತಗ್ಗು. ಭಜನೆಯ ಮೇಳಗಳಲ್ಲಿ ತಬಲಾದ ಎಡಗೈ ಪಾಲಿನ ಡಗ್ಗಾ. ಎಲ್ಲಮ್ಮನ ಪದಗಳಿಗೆ ಚೌಡಿಕೆ, ಅದರ ಬೆನ್ನಿಗೆ ಒಂದೇ ತಂತಿಯಲ್ಲಿ ರಾತ್ರಿಯಿಡೀ ಒಂದೇ ಸ್ವರ ಹಿಡಿದು ಕೂರುವ ಸುತ್ತಿ. ಬಯಲಾಟದಲ್ಲಿ ಮದ್ದಳೆ, ಭಾಗವತರ ಪದವನ್ನು ಹಿಂದಿನಿಂದ ಎತ್ತಿಕೊಂಡು ಹಾಡುವ ಹಿಮ್ಮೇಳ. ಇವುಗಳನ್ನು ನುಡಿಸುವವರು ಯಾರೂ ಬರೀ ವಾದಕರಲ್ಲ. ಒಕ್ಕಲುತನ, ಕೂಲಿ, ಕುರಿ ಕಾಯುವುದು, ಚಹದಂಗಡಿ. ಜಾತ್ರೆಯ ಕಾಲಕ್ಕೆ ವಾದ್ಯ.

ಕೊಟ್ಟೂರು ಗುರುಬಸವೇಶ್ವರರ ತೇರಿನ ಹಿಂದಿನ ರಾತ್ರಿ ಇವರನ್ನು ನಾನು ಹತ್ತಿರದಿಂದ ಕಂಡೆ. ದಾವಣಗೆರೆಯ ಕಡೆಯಿಂದ ಪಾದಯಾತ್ರಿಗಳು ಬರುತ್ತಲೇ ಇದ್ದರು. ಮಾಘದ ಇಬ್ಬನಿಗೆ ಚರ್ಮ ಸಡಿಲಗೊಂಡರೆ ದನಿ ಸೊರಗುತ್ತದೆ. ಹೀಗಾಗಿ ಊರ ಹೊರಗಿನ ಬೇವಿನ ಮರದ ಬಳಿ ಜಾಲಿಯ ಚಕ್ಕೆಗಳನ್ನು ಒಟ್ಟಿ ಬೆಂಕಿ ಮಾಡಿಕೊಂಡು ವಾದ್ಯಗಳನ್ನು ಕಾಯಿಸುತ್ತಿದ್ದರು. ಅದು ಅವಸರದಿಂದ ಆಗುವ ಕೆಲಸವಲ್ಲ. ಕೈಗೆ ಕೆಲಸ ಕಡಿಮೆ, ಬಾಯಿಗೆ ಬಿಡುವು. ಹಡಗಲಿ ಕಡೆಯ ಒಬ್ಬ ಹುಡುಗ ಕೊಟ್ಟೂರಿನ ಹಿರಿಯ ಸಮಾಳದವನನ್ನು ಕೆಣಕಿದ:

‘ಮಾವ, ನಿನ್ನ ಸಮಾಳ ಕೇಳಿದ ದಿನದಿಂದ ನಮ್ಮ ಎಮ್ಮಿ ಹಾಲು ಕೊಡೋದು ಬಿಟ್ಟೈತಿ ನೋಡು.’

‘ಅದು ಸಮಾಳದ ತಪ್ಪಲ್ಲ ಅಳಿಯಾ. ಹಿಂಡಾಕ ಕುಂತವನ ಮಾರಿ ನೋಡಿರಬೇಕು.’

ಅವರಿಬ್ಬರೂ ನೆಂಟರಲ್ಲ, ಒಂದೇ ಊರಿನವರೂ ಅಲ್ಲ. ಗೇಲಿಗೆ ಸಲಿಗೆ ಬೇಕು; ಸಲಿಗೆಗಾಗಿ ಮಾವ–ಅಳಿಯ ಆಗಿದ್ದರು, ಅಷ್ಟೆ. ಹರಪನಹಳ್ಳಿ ಕಡೆಯ ಬಯಲಾಟದ ಹಿಮ್ಮೇಳದವನೊಬ್ಬ ತನ್ನ ಕಥೆಯನ್ನು ತಾನೇ ಹೇಳಿಕೊಂಡ. ಮೂರನೆಯ ಜಾವದಲ್ಲಿ ಹಾಡುತ್ತ ಹಾಡುತ್ತಲೇ ನಿದ್ದೆ ಹತ್ತಿತ್ತಂತೆ. ಭಾಗವತರು ಪದ ಬದಲಿಸಿದರು, ಇವನು ಬದಲಿಸಲಿಲ್ಲ. ದುರ್ಯೋಧನನ ಪಾತ್ರಧಾರಿ ಗಲಿಬಿಲಿಗೊಂಡು ದ್ರೌಪದಿಯ ಪದಕ್ಕೆ ಕುಣಿದುಬಿಟ್ಟ. ‘ಮಂದಿ ಒನ್ಸ್ ಮೋರ್ ಅಂದ್ರು’ ಎಂದು ಅವನು ಮುಗಿಸಿದಾಗ ನಗೆಗೆ ಬೆಂಕಿಯ ಕಿಡಿಗಳೂ ಹಾರಿದವು. ಹಾಸ್ಯದ ಬೀಚಿಯವರು 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ ಎಂಬುದನ್ನು ಆ ರಾತ್ರಿ ನೆನೆದುಕೊಂಡೆ. ನೀರು ಕಡಿಮೆಯಾದ ಸೀಮೆಯಲ್ಲಿ ನಗೆ ಹುಲುಸಾಗಿ ಬೆಳೆಯುತ್ತದೇನೋ.

ಅರ್ಥಶಾಸ್ತ್ರ ಓದಿದವನ ಚಾಳಿ, ಹರಟೆಯಲ್ಲೂ ಲೆಕ್ಕ ಹುಡುಕುತ್ತದೆ. ಬೆಂಕಿಯ ಸುತ್ತ ಆ ರಾತ್ರಿ ಹಾರಾಡಿದ ಗೇಲಿಯ ಮಾತುಗಳನ್ನು ಬಿಡಿಸಿ ನೋಡಿದರೆ ಒಳಗೆ ಬೇಕಾದಷ್ಟು ಮಾಹಿತಿಯಿತ್ತು. ಯಾವ ಊರಿನವರು ವೀಳ್ಯ ಕೊಟ್ಟು ಕರೆಸಿ ಕೊನೆಗೆ ಕೈಯೆತ್ತುತ್ತಾರೆ, ಎಲ್ಲಿ ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಯಾರ ಭುಜ ನೋಯುತ್ತಿದೆ, ಅವನ ಬದಲಿಗೆ ಮುಂದಿನ ವಾರ ಉಚ್ಚಂಗಿದುರ್ಗಕ್ಕೆ ಯಾರು ಹೋಗಬಲ್ಲರು. ‘ನಿನ್ನ ಎಡಗೈ ಈ ಸಲ ಯಾಕೋ ತವರಿಗೆ ಹೋಗೈತಲ್ಲ’ ಎಂಬ ಒಂದು ಚುಚ್ಚುಮಾತಿನಲ್ಲಿ ಕಲೆಯ ವಿಮರ್ಶೆಯಿದೆ, ಆರೋಗ್ಯದ ವಿಚಾರಣೆಯಿದೆ, ಬದಲಿ ಆಳು ಬೇಕೇ ಎಂಬ ಪ್ರಶ್ನೆಯೂ ಇದೆ. ನೇರವಾಗಿ ಕೇಳಿದರೆ ಅವಮಾನವಾಗುವುದನ್ನು ನಗೆಯಲ್ಲಿ ಸುತ್ತಿ ಕೊಡುತ್ತಾರೆ. ಕೂಲಿ ಮಾರುಕಟ್ಟೆಯ ಬಗ್ಗೆ ಪಠ್ಯಗಳಲ್ಲಿ ಓದಿದ್ದಕ್ಕಿಂತ ಹೆಚ್ಚಿನದನ್ನು ನಾನು ಅಂದು ಕಲಿತೆ ಎಂದರೆ ಅದು ಉತ್ಪ್ರೇಕ್ಷೆಯಾಗದು.

ಒಂದು ಮಾತನ್ನು ಮುಚ್ಚಿಡಬಾರದು. ಆ ರಾತ್ರಿ ಬೆಂಕಿಗಳು ಎರಡಿದ್ದವು. ಹಲಗೆಯವರ ಬೆಂಕಿ ಇಪ್ಪತ್ತು ಮಾರು ದೂರದಲ್ಲಿ ಬೇರೆಯಾಗಿಯೇ ಉರಿಯುತ್ತಿತ್ತು. ಗೇಲಿಯ ಮಾತು ಈ ಬೆಂಕಿಯಿಂದ ಆ ಬೆಂಕಿಗೆ ಹಾರುತ್ತಿತ್ತು, ಅಲ್ಲಿಂದ ಉತ್ತರವೂ ಬರುತ್ತಿತ್ತು. ಮನುಷ್ಯರು ಮಾತ್ರ ಕೂತಲ್ಲೇ ಕೂತಿದ್ದರು. ಮಾವ, ಅಳಿಯ ಎಂಬ ಸಂಬೋಧನೆ ಆ ಇಪ್ಪತ್ತು ಮಾರು ದಾಟಲಿಲ್ಲ.

ಹಲವು ವರ್ಷಗಳ ನಂತರ, ಕಷ್ಟದಲ್ಲಿರುವ ವೃದ್ಧ ಕಲಾವಿದರಿಗೆ ಮಾಸಾಶನ ಕೊಡುವ ಯೋಜನೆಯ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯೊಂದರಲ್ಲಿ ನಾನು ಕುಳಿತಿದ್ದೆ. ಕೂಡ್ಲಿಗಿ ಕಡೆಯ ಒಬ್ಬ ಸಮಾಳ ವಾದಕ ಬಂದಿದ್ದ. ಕಲಾವಿದನೆಂಬುದಕ್ಕೆ ಪುರಾವೆಯಾಗಿ ಮೂರು ಛಾಯಾಚಿತ್ರಗಳನ್ನು ಲಗತ್ತಿಸಿದ್ದ. ಮೂರರಲ್ಲೂ ನಂದಿಕೋಲು ಹಿಡಿದು ಕುಣಿಯುವವನು ಚೆನ್ನಾಗಿ ಕಾಣುತ್ತಿದ್ದ. ಅರ್ಜಿದಾರನದು ಒಂದರಲ್ಲಿ ಮೊಣಕೈ, ಇನ್ನೊಂದರಲ್ಲಿ ಸಮಾಳದ ಅಂಚು; ಮೂರನೆಯದರಲ್ಲಿ ಅದೂ ಇರಲಿಲ್ಲ. ಪ್ರಶಸ್ತಿಪತ್ರಗಳೆಲ್ಲ ತಂಡದ ಮುಖ್ಯಸ್ಥನ ಹೆಸರಿನಲ್ಲಿದ್ದವು. ‘ನೀವು ನುಡಿಸುತ್ತೀರಿ ಎಂಬುದಕ್ಕೆ ದಾಖಲೆ ಏನು?’ ಎಂದು ಕೇಳಿದವನು ನಾನೇ. ಆತ ನನ್ನನ್ನು ಒಂದು ಗಳಿಗೆ ನೋಡಿ ನಕ್ಕ. ‘ನಿಲ್ಲಿಸಿದ್ರ ಗೊತ್ತಾಗ್ತಿತ್ರಿ ಸಾಹೇಬ್ರ’ ಎಂದ. ನಾವೂ ನಕ್ಕೆವು. ಅರ್ಜಿಯ ಮೇಲೆ ‘ದಾಖಲೆಗಳು ಅಪೂರ್ಣ’ ಎಂದು ಬರೆದು ಹಿಂದಿರುಗಿಸಿದೆವು. ಹೊರಗಿನ ಬೆಂಚಿನ ಮೇಲೆ ಅವನ ಜೊತೆ ಬಂದಿದ್ದ ಮತ್ತೂ ಮೂವರು ವಾದಕರು ಕುಳಿತಿದ್ದರು. ನಲವತ್ತು ವರ್ಷ ಅವನನ್ನು ಗೇಲಿ ಮಾಡಿದವರು. ಅವರಲ್ಲಿ ಒಬ್ಬರನ್ನು ಒಳಗೆ ಕರೆದು ಒಂದು ಪ್ರಶ್ನೆ ಕೇಳುವುದು ನಮಗೆ ಯಾರಿಗೂ ತೋಚಲಿಲ್ಲ.

ದಾಖಲೆ ಎಂಬುದು ಈ ಸೀಮೆಯಲ್ಲಿ ಎಷ್ಟು ಕಷ್ಟದ ವಸ್ತು ಎಂಬುದು ನನಗೆ ತಿಳಿಯದ್ದೇನಲ್ಲ. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ಈಗ ಸ್ವತಂತ್ರ ತಾಲ್ಲೂಕು. ಹಟ್ಟಿ ಬಿಟ್ಟು ಕದಲದ ಮದ್ದಳೆಯವನ ಕಾಗದಪತ್ರ ಮೂರು ಜಿಲ್ಲಾ ಕೇಂದ್ರಗಳನ್ನು ಸುತ್ತಿ ಬರುತ್ತದೆ.

ಪುರಸ್ಕಾರಗಳು ಬಂದಿಲ್ಲವೆಂದಲ್ಲ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗತಿಯರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಸಮಾಜಕ್ಕೆ ಅದು ಸಣ್ಣ ಸಂಗತಿಯಲ್ಲ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ರಾಜ್ಯದ 1982ರ ಕಾಯ್ದೆ ಅನಿಷ್ಟವೊಂದನ್ನು ತಡೆಯಲು ಹೊರಟಿತು, ಸರಿಯೇ. ಆದರೆ ಆ ಹೊತ್ತಿಗಾಗಲೇ ಸುತ್ತಿ ಹಿಡಿದು ಬದುಕು ಸವೆಸಿದ್ದ ಹೆಂಗಸರನ್ನು ಕಲಾವಿದೆಯರೆಂದು ಯಾವ ಕಾಗದವೂ ಕರೆಯಲಿಲ್ಲ. ಪದ ಹಾಡುವವಳ ಹೆಸರು ಉಳಿಯುತ್ತದೆ. ಸುತ್ತಿಯವಳ ಹೆಸರು ಕೇಳಿದರೆ ಚೌಡಿಕೆಯವಳೇ ಹೇಳಬೇಕು.

ಇದು ನಮ್ಮಲ್ಲಿ ಮಾತ್ರ ಇರುವ ಅನ್ಯಾಯವಲ್ಲ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಜೇಮ್ಸ್ ಜೇಮರ್‌ಸನ್ ಎಂಬ ಬೇಸ್ ವಾದಕನಿದ್ದ. ಮೋಟೌನ್ ಸಂಸ್ಥೆ 1960ರ ದಶಕದಲ್ಲಿ ಹೊರತಂದ ಜನಪ್ರಿಯ ಹಾಡುಗಳಲ್ಲಿ ಬಹುಪಾಲಿಗೆ ತಗ್ಗು ಸ್ವರ ಕೊಟ್ಟವನು ಅವನೇ. ಆ ಸಂಸ್ಥೆಯ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ವಾದಕರ ಹೆಸರು ಅಚ್ಚಾಗಲು 1971ರವರೆಗೆ, ಮಾರ್ವಿನ್ ಗೇ ಹಾಡಿದ ಮುದ್ರಿಕೆಯೊಂದು ಬರುವವರೆಗೆ, ಕಾಯಬೇಕಾಯಿತು. ಜೇಮರ್‌ಸನ್ 1983ರಲ್ಲಿ ತೀರಿಕೊಂಡ. ಅಲ್ಲಿನ ರಾಕ್ ಸಂಗೀತಗಾರರ ಗೌರವ ಪಟ್ಟಿಗೆ ಹಿಮ್ಮೇಳದವರಿಗೆಂದೇ ಪ್ರತ್ಯೇಕ ವರ್ಗವನ್ನು 2000ದಲ್ಲಿ ತೆರೆದು, ಮೊದಲ ತಂಡದಲ್ಲೇ ಅವನ ಹೆಸರು ಸೇರಿಸಿದರು. ಅಲ್ಲಿಯವರೆಗೆ ಅವನು ಯಾರೆಂಬುದನ್ನು ನೆನಪಿಟ್ಟವರು ಮುಖ್ಯವಾಗಿ ಇತರ ಬೇಸ್ ವಾದಕರು. ಒಂದೇ ಬೆರಳಿನಲ್ಲಿ ತಂತಿ ಮೀಟುತ್ತಿದ್ದನೆಂದು ಆ ಬೆರಳಿಗೆ ‘ಕೊಕ್ಕೆ’ ಎಂದು ಅಡ್ಡಹೆಸರು ಇಟ್ಟಿದ್ದರು.

ಪ್ರತ್ಯೇಕ ವರ್ಗ ತೆರೆಯುವುದು ನಮ್ಮ ಸರ್ಕಾರಕ್ಕೂ ಸಾಧ್ಯ, ಖರ್ಚೂ ಇಲ್ಲ. ಅರ್ಜಿ ನಮೂನೆಯಲ್ಲಿ ಹಿಮ್ಮೇಳ ಎಂಬ ಒಂದು ಅಂಕಣವಿರಲಿ. ಛಾಯಾಚಿತ್ರ, ಪ್ರಶಸ್ತಿಪತ್ರ ಇಲ್ಲದವರಿಗೆ ಅದೇ ವಾದ್ಯದ ಮೂವರು ಅಥವಾ ನಾಲ್ವರು, ಕನಿಷ್ಠ ಇಬ್ಬರಾದರೂ ಬೇರೆ ಬೇರೆ ಊರಿನವರು, ಸಾಕ್ಷಿ ನುಡಿದರೆ ಸಾಕು ಎಂಬ ನಿಯಮವಿರಲಿ. ಜಮೀನಿನ ಗಡಿ ವ್ಯಾಜ್ಯದಲ್ಲಿ ಅಕ್ಕಪಕ್ಕದ ಹೊಲದವರ ಹೇಳಿಕೆಯನ್ನು ಪಂಚನಾಮೆಯಲ್ಲಿ ಬರೆದುಕೊಳ್ಳುತ್ತೇವೆ. ಕಲೆಗೆ ಮಾತ್ರ ಲ್ಯಾಮಿನೇಟ್ ಮಾಡಿಸಿದ ಪ್ರಮಾಣಪತ್ರವೇ ಬೇಕೆ? ಸುಳ್ಳು ಸಾಕ್ಷಿ ಹೇಳುತ್ತಾರೆಂಬ ಆಕ್ಷೇಪ ಬರುತ್ತದೆ. ನನ್ನ ಅನುಭವದಲ್ಲಿ ಪ್ರಮಾಣಪತ್ರ ಹೇಳುವಷ್ಟು ಸುಳ್ಳನ್ನು ಸಹವಾದಕರು ಹೇಳುವುದಿಲ್ಲ. ಎಡಗೈ ಸರಿಯಿಲ್ಲದವನ ಎಡಗೈ ಸರಿಯಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳುವ ಜನ ಅವರು.

ಈ ವರ್ಷ ಸೋದರಳಿಯನೂ ನನ್ನೊಡನೆ ಕೊಟ್ಟೂರಿಗೆ ಬಂದಿದ್ದ. ಹಟಮಾಡಿ ತನ್ನ ಬೇಸ್ ಗಿಟಾರನ್ನೂ ಕಾರಿನಲ್ಲಿ ಹಾಕಿಕೊಂಡಿದ್ದ. ಬೇವಿನ ಮರ ಈಗಿಲ್ಲ, ಅಲ್ಲಿ ವಾಹನ ನಿಲುಗಡೆ. ಸ್ವಲ್ಪ ಆಚೆ ಸಮಾಳದ ಇಬ್ಬರು ಹಿರಿಯರು ಬೆಂಕಿಯ ಮುಂದೆ ಕುಳಿತಿದ್ದರು. ಇವನ ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ಒಬ್ಬಾತ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದ. ವಿದ್ಯುತ್ ಇಲ್ಲದೆ ಅದಕ್ಕೆ ದನಿ ಎಲ್ಲಿಂದ ಬರಬೇಕು? ಕಿವಿಯನ್ನು ಮರಕ್ಕೆ ಒತ್ತಿ ಹಿಡಿದು ಮತ್ತೆ ಮೀಟಿದ. ‘ಒಳಗ ಐತಿ ಬಿಡು’ ಎಂದ. ಜೊತೆಗಿದ್ದವನು ಸೋದರಳಿಯನ ಕಡೆ ತಿರುಗಿ ಕೇಳಿದ:

‘ತಮ್ಮಾ, ನಿನ್ನದೂ ಫೋಟೋದಾಗ ಬರೇ ಮೊಣಕೈ ಬರ್ತೈತೇನು?’

ಸೋದರಳಿಯ ಮೊಬೈಲ್ ತೆಗೆದು ಆ ಆರತಕ್ಷತೆಯ ಚಿತ್ರವನ್ನು ತೋರಿಸಿದ. ಮೂವರೂ ನಗತೊಡಗಿದರು. ನನಗೆ ಕುಳಿತುಕೊಳ್ಳಲು ಯಾರೋ ಒಂದು ಗೋಣಿಚೀಲ ಹಾಸಿಕೊಟ್ಟರು.