ಕೆರೆಯ ಆಚೆ ದಡದ ವಿಶ್ವವಿದ್ಯಾಲಯ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ಬಸ್ಸಿಳಿದೆ. ಹೋಗಬೇಕಾಗಿದ್ದದ್ದು ಮುಕ್ತಗಂಗೋತ್ರಿಗೆ, ಅಂದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ. ಆಟೋದವರು ಹೇಳಿದ ರೇಟು ಕೇಳಿ ನಡೆದೇ ಹೊರಟೆ. ನಡೆದದ್ದೇ ಒಳ್ಳೆಯದಾಯಿತು. ಈ ನಾಡಿನಲ್ಲಿ ಕಾಲೇಜು ಓದು ಯಾವ ಕಾಲಕ್ಕೆ ಯಾರ ಮನೆ ಬಾಗಿಲಿಗೆ ಬಂತು ಎಂಬ ಕಥೆಯೆಲ್ಲ ಆ ದಾರಿಯುದ್ದಕ್ಕೂ ಕಟ್ಟಡಗಳಾಗಿ ನಿಂತಿದೆ.

ಮೊದಲು ಸಿಗುವುದು ಮಹಾರಾಜ ಕಾಲೇಜು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆ ಇದರ ಮೂಲ. ಹೆಸರೇ ರಾಜಾ ಫ್ರೀ ಸ್ಕೂಲ್. ಫೀಸಿಲ್ಲ ನಿಜ, ಆದರೆ ಹಳ್ಳಿಯಿಂದ ಬಂದ ಹುಡುಗ ರಾತ್ರಿ ಉಣ್ಣುವುದೆಲ್ಲಿ? ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆ ಎಲೆ ಎಲ್ಲ ಜಾತಿಯ ಹುಡುಗರಿಗೂ ಹಾಕುತ್ತಿರಲಿಲ್ಲ. ಮೈಸೂರು, ಬೆಂಗಳೂರುಗಳಲ್ಲಿ ಒಂದೊಂದು ಸಮುದಾಯದವರೂ ತಂತಮ್ಮ ಹಾಸ್ಟೆಲ್ ಕಟ್ಟಿಕೊಂಡದ್ದರ ಹಿಂದೆ ಈ ಊಟದ ಲೆಕ್ಕವೂ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದನ್ನು ನಾವು ಸರ್ಕಾರಿ ನೌಕರಿಯ ಮೀಸಲಾತಿಗೆ ಮಾತ್ರ ನೆನೆಯುತ್ತೇವೆ. ಹಿಂದುಳಿದವರ ಮಕ್ಕಳ ಓದಿಗೆ ನೆರವು ಕೊಡುವ ಮಾತನ್ನೂ ಆ ಸಮಿತಿ ಆಡಿತ್ತು.

ಮೈದಾನದಲ್ಲಿ ಕ್ರಿಕೆಟ್ ನಡೆದಿತ್ತು. ಬೇಲಿಯ ಬಳಿ ಕೂತಿದ್ದ ಹುಡುಗನನ್ನು ಮಾತಿಗೆಳೆದೆ. ನಂಜನಗೂಡು ಕಡೆಯವನು, ಬಿ.ಎ. ಓದುತ್ತಿದ್ದಾನೆ.

‘ನಮ್ಮಣ್ಣ ಎನ್‌ಇಪಿ ಬ್ಯಾಚು ಸಾರ್, ನಾನು ಎಸ್‌ಇಪಿ. ಅವನ ನೋಟ್ಸು ನಂಗೆ ಬರಲ್ಲ.’

ಇಷ್ಟೇ ಅವನ ತಕರಾರು. ನನಗೆ ಅದು ದೊಡ್ಡ ತಕರಾರಾಗಿಯೇ ಕೇಳಿಸಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು, 2021-22ರಲ್ಲಿ. ನಾಲ್ಕು ವರ್ಷದ ಆನರ್ಸ್ ಬಂತು, ಓಪನ್ ಎಲೆಕ್ಟಿವ್ ಬಂತು. ರಾಜ್ಯ ಶಿಕ್ಷಣ ನೀತಿ, ಅಂದರೆ ಎಸ್‌ಇಪಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಬಂದ ಮೇಲೆ, 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಎರಡು ಸರ್ಕಾರಗಳಿಗೂ ಅವರವರ ವಾದವಿದೆ. ಆದರೆ ಅಣ್ಣನ ಪುಸ್ತಕವನ್ನು ತಮ್ಮ ಓದುವ ಮನೆಗಳ ಲೆಕ್ಕವನ್ನು ಇಬ್ಬರೂ ಹಿಡಿದಂತೆ ಕಾಣಲಿಲ್ಲ. ಪಠ್ಯಕ್ರಮ ಬದಲಾಯಿಸುವವರು ಅದಕ್ಕೆ ತಕ್ಕ ಪುಸ್ತಕ ಅಂಗಡಿಗೆ ಬರಲು ಎಷ್ಟು ದಿನ ಬೇಕು ಎಂದು ಮೊದಲು ವಿಚಾರಿಸಬೇಕು.

ಮುಂದೆ ಕ್ರಾಫರ್ಡ್ ಹಾಲ್, 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಕಾರ್ಯಸೌಧ. ಭಾನುವಾರವಾದ್ದರಿಂದ ಬಾಗಿಲು ಹಾಕಿತ್ತು. ಅಲ್ಲಿಂದ ಕುಕ್ಕರಹಳ್ಳಿ ಕೆರೆ ಏರಿ ಹಿಡಿದೆ. ವಾಕಿಂಗ್‌ನವರು ಮನೆಗೆ ಮರಳುವ ಹೊತ್ತು. ಹೆಜ್ಜಾರ್ಲೆಗಳು ಮಾತ್ರ ಕದಲದೆ ಕೂತಿದ್ದವು.

ಕೆರೆಯ ಪಶ್ಚಿಮಕ್ಕೆ ಮಾನಸಗಂಗೋತ್ರಿ. ಹೆಸರಿಟ್ಟವರು ಕುವೆಂಪು, ಮಹಾರಾಜ ಕಾಲೇಜಿನಲ್ಲೇ ಓದಿ, ಅಲ್ಲೇ ಪ್ರಾಂಶುಪಾಲರಾಗಿ, 1956ರಿಂದ 1960ರವರೆಗೆ ಕುಲಪತಿಯಾಗಿದ್ದವರು. ಹೆಸರು ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಕನ್ನಡದಲ್ಲಿ ಪದವಿ ಪಾಠ ನಡೆಯಬೇಕೆಂದು ಅವರು ಹಿಡಿದ ಹಟವನ್ನು ಅಷ್ಟು ಜನ ನೆನೆಯುವುದಿಲ್ಲ. ಅದಕ್ಕೂ ಮೊದಲು, 1930ರ ದಶಕದಲ್ಲೇ, ಮೈಸೂರಿನ ಪ್ರಾಧ್ಯಾಪಕರು ಪ್ರಚಾರೋಪನ್ಯಾಸವೆಂದು ಹಳ್ಳಿ, ಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಇತಿಹಾಸ ಹೇಳುತ್ತಿದ್ದರು. ಆ ಭಾಷಣಗಳು ಪುಟ್ಟ ಪುಸ್ತಕಗಳಾದವು. ಅದೇ ಕಾಲದಲ್ಲಿ, 1935ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದರು. ಇಡೀ ದೇಶದ ರೇಡಿಯೋಗೆ ಆಕಾಶವಾಣಿ ಎಂಬ ಹೆಸರು ಬಂದದ್ದು ಆ ಮನೆಯಿಂದ. ಕಾಲೇಜಿಗೆ ಬರಲಾಗದವರ ಬಳಿಗೆ ಪಾಠವೇ ಹೋಗಲಿ ಎಂಬ ಯೋಚನೆ ಈ ಊರಿಗೆ ಹೊಸದಲ್ಲ.

ಇಲ್ಲಿ ನನ್ನದೂ ಒಂದು ಮಾತು. ಹಳ್ಳಿಯ ಕನ್ನಡ ಶಾಲೆಯಿಂದ ನಾನು ಬಿ.ಎಸ್ಸಿ.ಗೆ ಸೇರಿದ ಕಾಲೇಜಿನಲ್ಲಿ ಫೀಸು ಕಡಿಮೆ, ಹಾಸ್ಟೆಲ್ ಉಚಿತ. ಬಾಗಿಲು ಹಾರುಹೊಡೆದಿತ್ತು. ಪಾಠ ಮಾತ್ರ ಮೊದಲ ದಿನದಿಂದ ಇಂಗ್ಲಿಷಿನಲ್ಲಿ ಓಡಿತು. ‘ಜಡತ್ವ’ ಎಂದು ಹೇಳಿದ್ದರೆ ತಟ್ಟನೆ ಕೈ ಎತ್ತುತ್ತಿದ್ದವನು ‘ಇನರ್ಷಿಯಾ’ ಎಂದದ್ದಕ್ಕೆ ಜಡವಾಗಿ ಕೂತೆ. ಮೊದಲ ವರ್ಷ ಎರಡು ವಿಷಯ ಹೋದವು. ನಮ್ಮ ಬೆಂಚಿನಲ್ಲಿ ಐವರಿದ್ದೆವು, ಎರಡನೇ ವರ್ಷಕ್ಕೆ ಮೂವರು ಉಳಿದೆವು. ಬಿಟ್ಟುಹೋದ ಇಬ್ಬರನ್ನು ದಡ್ಡರೆಂದೇ ಎಲ್ಲರೂ ಅಂದುಕೊಂಡರು, ನಾನೂ.

ಮುಕ್ತಗಂಗೋತ್ರಿಗೆ ಬರುವ ಹೊತ್ತಿಗೆ ಬಿಸಿಲೇರಿತ್ತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಮತ್ತು ತೆರಪಿನ ಶಿಕ್ಷಣ ತೆರೆಯಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಗೆ ಸನ್ನದು ಸಿಕ್ಕಿದ್ದೂ ಅದೇ ವರ್ಷ. ನಮ್ಮದು 1996ರಲ್ಲಿ ಸ್ವತಂತ್ರ ಮುಕ್ತ ವಿಶ್ವವಿದ್ಯಾಲಯವಾಯಿತು. ಉನ್ನತ ಶಿಕ್ಷಣ ಎಲ್ಲರಿಗೂ ಎಲ್ಲೆಡೆ ಎಂಬುದು ಇದರ ಘೋಷವಾಕ್ಯ. ಜನ ಇಂದಿಗೂ ‘ಕರೆಸ್ಪಾಂಡೆನ್ಸಲ್ಲಿ ಕಟ್ಟಿದೀನಿ’ ಎಂದೇ ಹೇಳುತ್ತಾರೆ.

ಮರದ ನೆರಳಲ್ಲಿ ಟಿಫನ್ ಡಬ್ಬಿ ಬಿಚ್ಚಿಕೊಂಡು ಆರೇಳು ಜನ ಕೂತಿದ್ದರು. ಸಂಪರ್ಕ ತರಗತಿಗೆ ಬಂದವರು. ಒಬ್ಬರು ಪೋಲೀಸ್ ಪೇದೆ, ಇನ್ನೊಬ್ಬ ಗಾರ್ಮೆಂಟ್ಸ್ ಸೂಪರ್‌ವೈಸರ್. ಪಿರಿಯಾಪಟ್ಟಣದ ಕಡೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ನನಗೂ ಒಂದು ಚಪಾತಿ ಕೊಟ್ಟರು.

‘ಯಾವಾಗ ಓದ್ತೀರಮ್ಮ?’

‘ಎಲ್ಲರೂ ಮಲಗಿದ ಮೇಲೆ. ಮಗ ನಗಾಡ್ತಾನೆ. ಅವನದೂ ಡಿಗ್ರಿನೇ, ನಂದೂ ಡಿಗ್ರಿನೇ.’

ಅವರ ಸಿದ್ಧಪಾಠವನ್ನು ಕೈಗೆ ತೆಗೆದುಕೊಂಡೆ. ಅಂಚಿನ ತುಂಬ ಪೆನ್ಸಿಲ್ ಗುರುತು. ದೂರಶಿಕ್ಷಣದ ಪುಸ್ತಕ ಬರೆಯುವ ಕಸುಬೇ ಬೇರೆ. ತರಗತಿಯಲ್ಲಿ ಮೇಷ್ಟ್ರು ಹುಡುಗನ ಮುಖ ನೋಡಿ ತಿಳಿಯಲಿಲ್ಲವೆಂದು ಇನ್ನೊಮ್ಮೆ ಹೇಳುತ್ತಾರೆ. ಇಲ್ಲಿ ಮುಖವೇ ಇಲ್ಲ. ಅದಕ್ಕೇ ಪಾಠವನ್ನು ಸಣ್ಣ ಘಟಕಗಳಾಗಿ ಒಡೆಯುತ್ತಾರೆ. ಈ ಘಟಕ ಓದಿದರೆ ಏನು ಬರಬೇಕು ಎಂದು ಮೊದಲೇ ಹೇಳುತ್ತಾರೆ, ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ, ಉತ್ತರ ಕೊನೆಯಲ್ಲಿಡುತ್ತಾರೆ. ಮೇಷ್ಟ್ರು ಪುಟದೊಳಗೇ ಇರಬೇಕು.

‘ಯಾವ ಪಾಠ ಇಷ್ಟ?’ ಅಂದೆ. ಪಂಚಾಯತ್ ರಾಜ್ಯದ ಘಟಕ ತೋರಿಸಿದರು. ‘ನಮ್ಮ ಗ್ರಾಮಸಭೇಲಿ ನಡಿಯೋದು ಇದೇಯ. ಈಗ ಎದ್ದು ನಿಂತು ಕೇಳ್ತೀನಿ, ವಾರ್ಡ್ ಸಭೆ ಯಾಕೆ ಮಾಡ್ಲಿಲ್ಲ ಅಂತ.’ ಪಂಚಾಯಿತಿಯ ಪಿಡಿಓ ಈಗ ಈಕೆಯನ್ನು ಕಂಡರೆ ಮುಖ ತಿರುಗಿಸುತ್ತಾರಂತೆ. ಪಠ್ಯ ಗೆದ್ದಿತೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ನನಗೆ ಗೊತ್ತಿಲ್ಲ.

ಈ ಜಾಗಕ್ಕೂ ಒಂದು ಪೆಟ್ಟು ಬಿದ್ದಿದೆ. ರಾಜ್ಯದ ಗಡಿ ದಾಟಿ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ್ದಕ್ಕೆ, 2012-13ರ ಆಚೆಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಸಾರಿತು. ಮಾನ್ಯತೆ ಮರಳಿದ್ದು 2018ರಲ್ಲಿ. ಪೇದೆಯವರು ಇದನ್ನು ಒಂದೇ ಮಾತಲ್ಲಿ ಮುಗಿಸಿದರು: ‘ಆಗ ಸೇರಿದ್ದ ನಮ್ಮ ಸ್ಟೇಷನ್ನಿನವರು ಸರ್ಟಿಫಿಕೇಟು ಹಿಡ್ಕೊಂಡು ಅಲೆದಾಡಿದ್ರು.’ ಬಾಗಿಲು ಅಗಲ ಮಾಡುವ ಹುಮ್ಮಸ್ಸಿನಲ್ಲಿ ಮನೆಯ ಗೋಡೆಯನ್ನೇ ಕಿತ್ತಿದ್ದರು. ಪೆಟ್ಟು ತಿಂದವರು ಮಾತ್ರ ಒಳಗೆ ಬಂದ ನೆಂಟರು.

ಮಧ್ಯಾಹ್ನದ ತರಗತಿಗೆ ಬೆಲ್ಲಾಯಿತು. ನಾಲ್ಕು ಗಂಟೆಗೆ ಅಂಗನವಾಡಿಯ ತಾಯಿಯ ಜೊತೆಗೇ ಬಸ್ ನಿಲ್ದಾಣಕ್ಕೆ ಬಂದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಒಂದು ತರಗತಿಯನ್ನೂ ತಪ್ಪಿಸಿಲ್ಲವಂತೆ. ಬಸ್ಸಿನ ದುಡ್ಡು ಉಳಿಯಿತು, ಅದು ಪರೀಕ್ಷೆ ಫೀಸಿಗಾಯಿತು. ಅವರ ಕೈಲಿದ್ದದ್ದು ಸೊನ್ನೆ ರೂಪಾಯಿಯ ಟಿಕೆಟ್, ನನ್ನದಕ್ಕೆ ಕಾಸು ಕೊಡಬೇಕಾಯಿತು.

ಸೇರಬೇಕೆನ್ನುವವರಿಗೆ: ಮುಕ್ತ ವಿಶ್ವವಿದ್ಯಾಲಯದ ಪ್ರವೇಶ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ. ಪಿಯುಸಿ ಅಂಕಪಟ್ಟಿ ಟ್ರಂಕಿನ ತಳದಲ್ಲಿದ್ದರೆ ಈಗಲೇ ಹುಡುಕಿಡಿ.