ಹಳೆಯ ಕಾರು, ಹೊಸ ಎಂಜಿನು

ಮನುಷ್ಯನಿಗಿರುವಂತೆ ಯಂತ್ರಕ್ಕೂ ಮುಪ್ಪುಂಟು. ಆದರೆ ಮೋಟಾರು ಕಾರಿನ ಅವಯವಗಳೆಲ್ಲ ಒಂದೇ ಕಾಲಕ್ಕೆ ಮುದಿಯಾಗುವುದಿಲ್ಲ. ದಪ್ಪ ತಗಡಿನ ಮೈ ಇನ್ನೂ ಗಟ್ಟಿಯಾಗಿರುವಾಗಲೇ ಎಂಜಿನಿನ ಸಿಲಿಂಡರುಗಳು ಸವೆದು, ಹಿಂಬದಿಯ ಕೊಳವೆ ನೀಲಿ ಹೊಗೆಯನ್ನುಗುಳತೊಡಗುತ್ತದೆ. ಆಸನಗಳು ಕುಸಿಯುತ್ತವೆ, ಚಾವಣಿಯ ಬಟ್ಟೆ ಜೋತುಬೀಳುತ್ತದೆ. ರಾಯಚೂರು, ಮಾನ್ವಿ, ದೇವದುರ್ಗಗಳ ಕಡೆ ಇಂಥ ಹಳೆಯ ಅಂಬಾಸಡರ್ ಕಾರುಗಳು ಅಲ್ಲಲ್ಲಿ ಇನ್ನೂ ಕಾಣಸಿಗುತ್ತವೆ. ತಂದೆಯ ಕಾಲದ ಕಾರನ್ನು ಗುಜರಿಗೆ ಹಾಕಲು ಮಗನಿಗೆ ಮನಸ್ಸು ಬಾರದು. “ಬೇರೊಂದು ಎಂಜಿನು ಕೂರಿಸಿ, ಒಳಗೆ ಹೊಸ ಆಸನ ಹಾಕಿಸಿದರಾಯಿತಲ್ಲ?” ಎಂಬ ಆಲೋಚನೆ ಹುಟ್ಟುವುದು ಸಹಜ.

ಕೂರಿಸುವುದೇನೋ ಸಾಧ್ಯ. ನುರಿತ ಕುಶಲಕರ್ಮಿಯು ಸರಪಳಿ-ರಾಟೆಯಿಂದ ಹಳೆಯ ಎಂಜಿನನ್ನು ಎತ್ತಿ ತೆಗೆದು, ಕಬ್ಬಿಣದ ಪಟ್ಟಿಗಳನ್ನು ಬೆಸೆದು ಹೊಸದನ್ನು ಇಳಿಸಿಬಿಡಬಲ್ಲನು. ಆದರೆ ಎಂಜಿನು ಓಡಿದ ಮಾತ್ರಕ್ಕೆ ಕಾರು ಸರಿಹೋಯಿತೆಂದು ತಿಳಿಯಬಾರದು. ಎಂಜಿನನ್ನು ಬದಲಿಸುವುದೆಂದರೆ ಇಡೀ ಕಾರಿನ ಲೆಕ್ಕವನ್ನು ಹೊಸದಾಗಿ ಬರೆಯುವುದೇ ಸರಿ. ಆ ಲೆಕ್ಕ ಯಾವುದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕಾರ್ಖಾನೆಯೇ ತೋರಿದ ದಾರಿ

ಒಂದೇ ಮೈಗೆ ಹಲವು ಎಂಜಿನುಗಳನ್ನು ಜೋಡಿಸಿದುದಕ್ಕೆ ಅಂಬಾಸಡರ್ ಕಾರೇ ಉತ್ತಮ ನಿದರ್ಶನ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ, ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ೧೯೫೦ರ ದಶಕದ ಕೊನೆಯಿಂದ ಇದನ್ನು ತಯಾರಿಸಿತು. ೨೦೧೪ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು. ಈ ಅರ್ಧ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಕಾರಿನ ಹೊರರೂಪ ಹೆಚ್ಚು ಬದಲಾಗಲಿಲ್ಲ. ಎಂಜಿನುಗಳು ಮಾತ್ರ ಬದಲಾದವು. ಬಹುಕಾಲ ನಡೆದುದು ೧೪೮೯ ಘನ ಸೆಂಟಿಮೀಟರು ಗಾತ್ರದ ಪೆಟ್ರೋಲ್ ಎಂಜಿನು; ಅದರ ಬಲ ಸುಮಾರು ೫೫ ಅಶ್ವಶಕ್ತಿ. ಮುಂದೆ ಅಷ್ಟೇ ಗಾತ್ರದ ಡೀಸೆಲ್ ಎಂಜಿನು ಬಂದಿತು. ಅದರ ಬಲ ೪೦ ಅಶ್ವಶಕ್ತಿಯನ್ನೂ ಮುಟ್ಟದಿದ್ದರೂ ಇಂಧನದ ಉಳಿತಾಯಕ್ಕಾಗಿ ಬಾಡಿಗೆಯ ಕಾರಿನವರು ಅದನ್ನು ಮೆಚ್ಚಿದರು. ೧೯೯೦ರ ದಶಕದ ಮೊದಲಲ್ಲಿ ಜಪಾನಿನ ಇಸುಜು ಸಂಸ್ಥೆಯ ವಿನ್ಯಾಸದ, ಸುಮಾರು ೭೫ ಅಶ್ವಶಕ್ತಿಯ, ೧.೮ ಲೀಟರಿನ ಪೆಟ್ರೋಲ್ ಎಂಜಿನು ಅದೇ ಮೈಯೊಳಗೆ ಕುಳಿತಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಇಸುಜು ಎಂಜಿನು ಒಂಟಿಯಾಗಿ ಬರಲಿಲ್ಲ. ಅದರೊಡನೆ ಐದು ಹಂತಗಳ ಗೇರುಪೆಟ್ಟಿಗೆ ಬಂದಿತು; ಒಳಗೆ ಬಿಡಿ ಆಸನಗಳೂ ಸುರಕ್ಷಾ ಪಟ್ಟಿಗಳೂ ಬಂದವು. ಬಲ ಹೆಚ್ಚಿದಾಗ ಉಳಿದ ಅಂಗಗಳೂ ಬದಲಾಗಬೇಕೆಂಬುದನ್ನು ಕಾರ್ಖಾನೆಯವರು ಅರಿತಿದ್ದರು. ಊರಿನ ಗ್ಯಾರೇಜಿನಲ್ಲಿ ಮರೆತುಹೋಗುವುದು ಬಹುಮಟ್ಟಿಗೆ ಈ ಅಂಶವೇ.

ನೊಗಕ್ಕೆ ಸಮನಾದ ಜೋಡಿ

“ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು” ಎಂಬ ಗಾದೆಯನ್ನು ಕೇಳದವರಿಲ್ಲ. ಎಂಜಿನು ಮತ್ತು ಗೇರುಪೆಟ್ಟಿಗೆಗಳ ಸಂಬಂಧವೂ ಒಂದೇ ನೊಗಕ್ಕೆ ಹೂಡಿದ ಜೋಡಿಯಂತೆ.

ಎಂಜಿನಿನ ದಂಡವನ್ನು ತಿರುಗಿಸುವ ಪರಿಣಾಮಕ್ಕೆ ತಿರುಗುಬಲವೆಂದು ಹೆಸರಿಡೋಣ. ಎಂಜಿನಿನ ಸಾಮರ್ಥ್ಯವೆಂದರೆ ಈ ತಿರುಗುಬಲವನ್ನು ತಿರುಗುವ ವೇಗದಿಂದ ಗುಣಿಸಿದಾಗ ಬರುವ ಲಬ್ಧ. ಒಂದು ಎಂಜಿನು ನಿಮಿಷಕ್ಕೆ ೨೦೦೦ ಸುತ್ತು ತಿರುಗುತ್ತ ೧೦೦ ನ್ಯೂಟನ್-ಮೀಟರು ತಿರುಗುಬಲ ನೀಡಿದರೆ, ಅದರ ಸಾಮರ್ಥ್ಯ ಸುಮಾರು ೨೧ ಕಿಲೋವಾಟ್, ಎಂದರೆ ೨೮ ಅಶ್ವಶಕ್ತಿ. ಅದೇ ತಿರುಗುಬಲವು ೪೦೦೦ ಸುತ್ತಿನಲ್ಲಿ ದೊರೆತರೆ ಸಾಮರ್ಥ್ಯ ಇಮ್ಮಡಿ. ಆದುದರಿಂದ ಅಶ್ವಶಕ್ತಿಯ ಅಂಕಿಯೊಂದನ್ನೇ ನೋಡಿ ಎಂಜಿನು ಕೊಳ್ಳುವುದು ಜಾಣತನವಲ್ಲ. ಆ ಬಲ ಎಷ್ಟು ಸುತ್ತಿನಲ್ಲಿ ದೊರೆಯುವುದೆಂದೂ ಕೇಳಬೇಕು.

ಇನ್ನು ಗೇರಿನ ಲೆಕ್ಕ. ಮೊದಲನೆಯ ಗೇರು ತಿರುಗುಬಲವನ್ನು ೪ ಪಟ್ಟು, ಹಿಂದಿನ ಅಚ್ಚಿನ ಹಲ್ಲುಗಾಲಿಗಳು ಮತ್ತೆ ೪.೫ ಪಟ್ಟು ಹೆಚ್ಚಿಸುವುವೆಂದು ಭಾವಿಸೋಣ. ಒಟ್ಟು ೧೮ ಪಟ್ಟು. ೧೦೦ ನ್ಯೂಟನ್-ಮೀಟರಿನ ಎಂಜಿನು ಅಚ್ಚನ್ನು ೧೮೦೦ ನ್ಯೂಟನ್-ಮೀಟರಿನಷ್ಟು ತಿರುಚುತ್ತದೆ. ಎಂಜಿನು ೧೫೦ರದಾದರೆ ಅಚ್ಚಿನ ಮೇಲೆ ೨೭೦೦ ಬೀಳುತ್ತದೆ. ಹಳೆಯ ಅಚ್ಚು ಎಣಿಸಿದ್ದು ಮೊದಲಿನ ಅಂಕಿಯನ್ನು ಮಾತ್ರ. ಕೆಸರಿನಲ್ಲಿ ಹೂತ ಕಾರನ್ನು ಮೇಲೆತ್ತಲು ಚಾಲಕನು ಒಮ್ಮೆಲೇ ಕ್ಲಚ್ಚು ಬಿಟ್ಟಾಗ ಅಚ್ಚು ಮುರಿದರೆ ಅದು ದುರದೃಷ್ಟವಲ್ಲ, ಲೆಕ್ಕದ ಫಲ.

ವೇಗದ ಕಡೆಗೂ ಇದೇ ಮಾತು. ಗಾಲಿಯ ತ್ರಿಜ್ಯ ೩೦ ಸೆಂಟಿಮೀಟರಾದರೆ, ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಗಾಲಿ ನಿಮಿಷಕ್ಕೆ ಸುಮಾರು ೫೩೦ ಸುತ್ತು ತಿರುಗುತ್ತದೆ. ಮೇಲಿನ ನೇರ ಗೇರಿನಲ್ಲಿ ಎಂಜಿನು ಅದರ ೪.೫ ಪಟ್ಟು, ಎಂದರೆ ಸುಮಾರು ೨೪೦೦ ಸುತ್ತು ತಿರುಗಬೇಕು. ೧೦೦ ಕಿಲೋಮೀಟರಿಗೆ ೪೦೦೦ ಸುತ್ತು. ಪೆಟ್ರೋಲ್ ಎಂಜಿನಿಗೆ ಇದು ಸಹ್ಯವಾದೀತು. ನಿಧಾನವಾಗಿ ತಿರುಗುವ ಸ್ವಭಾವದ ಹಳೆಯ ಡೀಸೆಲ್ ಎಂಜಿನಿಗೆ ಇದು ಮೇರೆಯೇ ಸರಿ. ಆದಕಾರಣ ಎಂಜಿನನ್ನು ಅದರ ಸ್ವಂತ ಗೇರುಪೆಟ್ಟಿಗೆಯೊಡನೆಯೇ ತರುವುದು ಒಳ್ಳೆಯದು.

ಎಂಜಿನು ಕುಳಿತುಕೊಳ್ಳುವ ರಬ್ಬರಿನ ಪೀಠಗಳನ್ನೂ ಕಡೆಗಣಿಸಬಾರದು. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಪ್ರತಿ ಸುತ್ತಿಗೆ ಎರಡು ಸ್ಫೋಟಗಳು. ನಿಂತಲ್ಲಿ ೭೫೦ ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ ೨೫ ಬಾರಿ ಮಿಡಿತ. ಪೀಠಗಳ ಸಹಜ ಕಂಪನವು ಇದಕ್ಕಿಂತ ಬಹಳ ಕಡಿಮೆಯಿದ್ದರೆ ಮಾತ್ರ ನಡುಕ ಮೈಗೆ ತಾಗುವುದಿಲ್ಲ. ಎರಡೂ ಹತ್ತಿರವಾದರೆ, ತೂಗುವ ತೊಟ್ಟಿಲನ್ನು ಹದವರಿತು ತಳ್ಳಿದಂತಾಗಿ ಇಡೀ ಕಾರು ನಡುಗುತ್ತದೆ.

ರಾಯಚೂರಿನ ಬೇಸಿಗೆ

ಇಂಧನವು ಉರಿದು ಬಿಡುಗಡೆಯಾಗುವ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಭಾಗ ಹೊಗೆಯೊಡನೆ ಹೋಗುತ್ತದೆ. ಉಳಿದುದನ್ನು ರೇಡಿಯೇಟರಿನ ನೀರು ಹೊರಹಾಕಬೇಕು. ಎಂಜಿನು ದೊಡ್ಡದಾದಂತೆ ಈ ಹೊರೆಯೂ ದೊಡ್ಡದು.

ರೇಡಿಯೇಟರು ಹೊರಹಾಕುವ ಶಾಖವು ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ವ್ಯತ್ಯಾಸವನ್ನು ಅವಲಂಬಿಸಿದೆ. ನೀರು ೯೦ ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಗಾಳಿ ೨೫ ಡಿಗ್ರಿ ಇರುವ ತಂಪು ಊರಿನಲ್ಲಿ ವ್ಯತ್ಯಾಸ ೬೫. ನಮ್ಮ ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಗಾಳಿಯೇ ೪೩ ಡಿಗ್ರಿಗೆ ಏರಿದಾಗ ವ್ಯತ್ಯಾಸ ೪೭ ಮಾತ್ರ. ಅದೇ ರೇಡಿಯೇಟರು ಕಾಲುಭಾಗಕ್ಕಿಂತ ಹೆಚ್ಚಿನ ಶಕ್ತಿಯನ್ನು ಕಳೆದುಕೊಂಡಿತು! ಚಳಿಗಾಲದಲ್ಲಿ ಪರೀಕ್ಷಿಸಿ “ಸರಿಯಾಗಿದೆ” ಎನಿಸಿಕೊಂಡ ಕಾರು ಬೇಸಿಗೆಯಲ್ಲಿ ದೇವದುರ್ಗದ ದಾರಿಯ ನಡುವೆ ಕುದಿದು ನಿಲ್ಲುವುದರ ಗುಟ್ಟು ಇದೇ.

ರೇಡಿಯೇಟರಿನ ಒತ್ತಡದ ಮುಚ್ಚಳವು ಹೊರಗಿನ ವಾಯುಭಾರಕ್ಕಿಂತ ಅರ್ಧದಷ್ಟು ಹೆಚ್ಚು ಒತ್ತಡವನ್ನು ಹಿಡಿದಿಟ್ಟರೆ ನೀರು ಸುಮಾರು ೧೧೧ ಡಿಗ್ರಿಯವರೆಗೆ ಕುದಿಯದು. ಅಂಥ ಮುಚ್ಚಳವನ್ನು ಬಿಸಿಯಿರುವಾಗ ತೆರೆದರೆ ಒತ್ತಡ ಥಟ್ಟನೆ ಇಳಿದು ನೀರು ಚಿಮ್ಮಿ ಮುಖವನ್ನು ಸುಡುತ್ತದೆ. ಕೊಳವೆಬಾವಿಯ ಗಡಸು ನೀರನ್ನೂ ಸುರಿಯಬಾರದು. ಅಡುಗೆಯ ಪಾತ್ರೆಯಲ್ಲಿ ಕಟ್ಟುವ ಬಿಳಿಯ ಪೊರೆಯೇ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಕಟ್ಟಿ ಶಾಖದ ದಾರಿಯನ್ನು ಮುಚ್ಚುತ್ತದೆ. ಬಟ್ಟಿಯಿಳಿಸಿದ ನೀರಿಗೆ ಶೀತಕದ್ರವವನ್ನು ಬೆರೆಸಿ ಹಾಕುವುದು ಕ್ಷೇಮ.

ಇಂಧನದ ನಾಳಗಳಿಗೂ ಇಂದು ಹೊಸ ಪರೀಕ್ಷೆಯೊಂದು ಒದಗಿದೆ. ೨೦೨೫ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಅಂಶ ಶೇಕಡ ೨೦ನ್ನು ಮುಟ್ಟಿತು. ಹಳೆಯ ಕಾಲದ ರಬ್ಬರಿನ ನಾಳಗಳೂ ಬೆಸುಗೆಯ ಬಿರಟೆಗಳೂ ಎಥನಾಲಿನಲ್ಲಿ ಊದಿಕೊಂಡು ಬಿರಿಯಬಹುದು. ಬಿಸಿ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಪರಿಣಾಮವನ್ನು ಹೇಳಬೇಕಾಗಿಲ್ಲ. ಎಂಜಿನು ಹೊರಗಿರುವಾಗಲೇ ಎಥನಾಲನ್ನು ತಾಳಬಲ್ಲ ನಾಳಗಳನ್ನು ಹಾಕಿಸಬೇಕು.

ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಚಲಿಸುವ ಕಾರಿನಲ್ಲಡಗಿರುವ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ೧೨೦೦ ಕಿಲೋಗ್ರಾಮಿನ ಕಾರು ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ೧೬೭ ಕಿಲೋಜೌಲ್ ಶಕ್ತಿಯನ್ನು ಹೊತ್ತಿರುತ್ತದೆ; ೯೦ ಕಿಲೋಮೀಟರು ವೇಗದಲ್ಲಿ ೩೭೫ ಕಿಲೋಜೌಲ್. ವೇಗ ಒಂದೂವರೆ ಪಟ್ಟು, ಶಕ್ತಿ ಎರಡೂಕಾಲು ಪಟ್ಟು! ನಿಲ್ಲಿಸುವಾಗ ಇದೆಲ್ಲವೂ ಬ್ರೇಕಿನಲ್ಲಿ ಶಾಖವಾಗಬೇಕು. ನಾಲ್ಕು ಬ್ರೇಕಿನ ಡ್ರಮ್ಮುಗಳೂ ಸೇರಿ ೨೦ ಕಿಲೋಗ್ರಾಮು ಬೀಡುಕಬ್ಬಿಣವಿದ್ದರೆ, ಮೊದಲಿನ ವೇಗದಲ್ಲಿ ಒಂದು ನಿಲುಗಡೆಗೆ ಅವು ಸುಮಾರು ೧೮ ಡಿಗ್ರಿ ಬಿಸಿಯಾಗುತ್ತವೆ. ಎರಡನೆಯದರಲ್ಲಿ ಸುಮಾರು ೪೧ ಡಿಗ್ರಿ. ಆರುವ ಮೊದಲೇ ಮತ್ತೆ ಮತ್ತೆ ತುಳಿದರೆ ಪಟ್ಟಿಗಳ ಹಿಡಿತ ಸಡಿಲುತ್ತದೆ.

ದೂರದ ಲೆಕ್ಕವನ್ನೂ ನೋಡಿರಿ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ಚಾಲಕನು ಎಚ್ಚೆತ್ತು ಬ್ರೇಕು ತುಳಿಯಲು ಒಂದು ಸೆಕೆಂಡು ಹಿಡಿಯುವುದೆಂದಿಟ್ಟುಕೊಂಡರೆ, ೬೦ ಕಿಲೋಮೀಟರು ವೇಗದ ಕಾರು ನಿಲ್ಲಲು ಸುಮಾರು ೩೭ ಮೀಟರು ಬೇಕು. ೯೦ರಲ್ಲಿ ಸುಮಾರು ೭೦ ಮೀಟರು. ಇದು ಬ್ರೇಕುಗಳು ಪೂರ್ಣ ಸ್ಥಿತಿಯಲ್ಲಿದ್ದಾಗಿನ ಮಾತು. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸುಗ್ಗಿಯಲ್ಲಿ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರುಗಳು, ಮುಸ್ಸಂಜೆಯಲ್ಲಿ ರಸ್ತೆ ದಾಟುವ ಕುರಿಮಂದೆ, ಇವೆಲ್ಲ ನಮ್ಮ ದಾರಿಯ ನಿತ್ಯದ ನೋಟಗಳು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅದರ ಮೇಲಿನ ರಸ್ತೆಯೂ ಅಲೆಅಲೆಯಾಗುತ್ತದೆ; ಅಲ್ಲಿ ಗಾಲಿಗಳ ಹಿಡಿತ ಇನ್ನೂ ಕಡಿಮೆ. ಹೊಸ ಎಂಜಿನು ಭಾರವಾಗಿದ್ದರೆ ಮುಂದಿನ ಸ್ಪ್ರಿಂಗುಗಳು ಕುಗ್ಗಿ ಚುಕ್ಕಾಣಿ ಬಿಗಿಯಾಗುವುದೂ ಉಂಟು. ಬಲವನ್ನು ಹೆಚ್ಚಿಸಿ ಬ್ರೇಕನ್ನು ಹಾಗೆಯೇ ಬಿಡುವವನು ಕಾರಿನಲ್ಲಿ ಕುಳಿತವರ ಪ್ರಾಣವನ್ನೇ ಪಣವಾಗಿಡುತ್ತಾನೆ.

ಒಳಗಣ ನವೀಕರಣ

ಕಾರಿನ ಒಳಭಾಗವನ್ನು ಹೊಸದಾಗಿಸುವುದು ಅಲಂಕಾರಕ್ಕೆ ಮಾತ್ರವೆಂದು ಭಾವಿಸುವವರೇ ಹೆಚ್ಚು. ಆದರೆ ಆಸನಗಳನ್ನು ಕಿತ್ತ ದಿನವೇ ಕಾರಿನ ನಿಜಸ್ಥಿತಿ ಗೋಚರವಾಗುವುದು. ನೆಲಹಾಸಿನಡಿಯಲ್ಲಿ ತುಕ್ಕು ಹಿಡಿದ ತಗಡು, ಇಲಿ ಕಡಿದ ತಂತಿ, ಇವು ಆಗಲೇ ಕಣ್ಣಿಗೆ ಬೀಳುತ್ತವೆ. ಎಂಜಿನು ಮತ್ತು ಪ್ರಯಾಣಿಕರ ನಡುವಿನ ತಗಡಿನ ಗೋಡೆಯನ್ನು ಬಹಳ ಎಚ್ಚರಿಕೆಯಿಂದ ನೋಡಬೇಕು. ಹಳೆಯ ಎಂಜಿನಿನ ಸಲಾಕೆಗಳು ಹಾಯ್ದಿದ್ದ ರಂಧ್ರಗಳು ತೆರೆದೇ ಉಳಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಹಿಂದಿನ ಆಸನದಲ್ಲಿ ಮಗು ತೂಕಡಿಸುತ್ತಿದ್ದರೆ ಅದು ನಿದ್ರೆಯೋ ವಿಷವೋ ತಿಳಿಯದು. ಪ್ರತಿಯೊಂದು ರಂಧ್ರವನ್ನೂ ತಗಡಿನಿಂದಲೋ ರಬ್ಬರಿನ ಬಿರಟೆಯಿಂದಲೋ ಮುಚ್ಚಲೇಬೇಕು.

ಆ ಗೋಡೆಗೂ ನೆಲಕ್ಕೂ ಡಾಂಬರಿನ ಹಾಳೆಯನ್ನು ಅಂಟಿಸಿದರೆ ತಗಡಿನ ಕಂಪನ ತಗ್ಗುತ್ತದೆ; ಅದರ ಮೇಲೆ ದಪ್ಪ ಉಣ್ಣೆಹಾಸು ಹಾಸಿದರೆ ಸದ್ದೂ ಶಾಖವೂ ಕಡಿಮೆಯಾಗುತ್ತವೆ. ಆಸನಕ್ಕೆ ಕಪ್ಪು ರೆಕ್ಸಿನ್ನಿಗಿಂತ ತಿಳಿಬಣ್ಣದ, ಗಾಳಿಯಾಡುವ ಬಟ್ಟೆ ನಮ್ಮ ಬಿಸಿಲಿಗೆ ಲೇಸು. ಸುರಕ್ಷಾ ಪಟ್ಟಿಯನ್ನು ಹೊಸದಾಗಿ ಹಾಕಿಸುವವರು ಅದರ ಬುಡವನ್ನು ಬರಿಯ ತೆಳು ತಗಡಿಗೆ ಬಿಗಿಯಬಾರದು. ೫೦ ಕಿಲೋಮೀಟರು ವೇಗದ ಕಾರು ಅರ್ಧ ಮೀಟರಿನಲ್ಲಿ ನಿಂತರೆ, ೭೦ ಕಿಲೋಗ್ರಾಮಿನ ಮನುಷ್ಯನನ್ನು ತಡೆಯಲು ಪಟ್ಟಿಯು ಸುಮಾರು ೧೪೦೦ ಕಿಲೋಗ್ರಾಮಿನ ಭಾರಕ್ಕೆ ಸಮನಾದ ಬಲವನ್ನು ತಾಳಬೇಕು. ದಪ್ಪ ಉಕ್ಕಿನ ಫಲಕದ ಆಸರೆಯಿಲ್ಲದೆ ಅದು ಸಾಧ್ಯವಿಲ್ಲ.

ಕಾನೂನು ಮತ್ತು ಕ್ರಮ

ನೋಂದಣಿ ಪತ್ರದಲ್ಲಿ ಎಂಜಿನಿನ ಸಂಖ್ಯೆ, ಇಂಧನದ ಬಗೆ ಮೊದಲಾದ ವಿವರಗಳಿರುವುದು ಸರಿಯಷ್ಟೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣವು ಇಂಥ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವೂ ೨೦೧೯ರ ಜನವರಿಯಲ್ಲಿ ಹೇಳಿತು. ಆದುದರಿಂದ ಎಂಜಿನಿಗೆ ಹಣ ಕೊಡುವ ಮೊದಲೇ ಸಾರಿಗೆ ಕಚೇರಿಗೆ ಹೋಗಿ ಲಿಖಿತ ಅನುಮತಿಯನ್ನು ಪಡೆಯಬೇಕು, ವಿಮೆಯವರಿಗೂ ತಿಳಿಸಬೇಕು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಎಂಜಿನಿನ ಸಂಖ್ಯೆ ಹೊಂದದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಇವನ್ನೆಲ್ಲ ತೂಗಿ ನೋಡಿದರೆ, ಬಹುಮಂದಿಗೆ ತಕ್ಕ ದಾರಿಯೆಂದರೆ ಮೂಲ ಎಂಜಿನನ್ನೇ ಕೊರೆಸಿ, ಹೊಸ ಪಿಸ್ಟನ್ನುಗಳನ್ನು ಹಾಕಿಸಿ, ಕವಾಟಗಳನ್ನು ಅರೆಸುವುದು. ಅದು ಕೈಲಾಗದಿದ್ದರೆ ಅದೇ ಜಾತಿಯ, ಅದೇ ಇಂಧನದ ಎಂಜಿನು. ಹೆಚ್ಚು ಬಲದ್ದೇ ಬೇಕೆನ್ನುವವರು ಕೆಲಸದ ಕ್ರಮವನ್ನಾದರೂ ತಿರುಗಿಸಲಿ: ಮೊದಲು ಅನುಮತಿ, ಅನಂತರ ಬ್ರೇಕು, ಬಳಿಕ ಅಚ್ಚು ಮತ್ತು ಗೇರುಪೆಟ್ಟಿಗೆ, ರೇಡಿಯೇಟರು, ಆಮೇಲೆ ಎಂಜಿನು, ತಂತಿಗಳೂ ತಗಡಿನ ಗೋಡೆಯೂ ಸರಿಯಾದ ಮೇಲೆ ಕೊನೆಗೆ ಆಸನ. ಎಲ್ಲ ಮುಗಿದ ಮೇಲೆ ಬೇಸಿಗೆಯ ಒಂದು ಮಧ್ಯಾಹ್ನ ರಾಯಚೂರಿನಿಂದ ಮಾನ್ವಿಗೆ ಒಬ್ಬರೇ ಹೋಗಿ ಬನ್ನಿರಿ. ನೀರಿನ ಉಷ್ಣತೆಯ ಮುಳ್ಳು ಸ್ಥಿರವಾಗಿ ನಿಂತು, ಹತ್ತನೆಯ ಬಾರಿ ತುಳಿದಾಗಲೂ ಬ್ರೇಕು ಮೊದಲಿನಂತೆಯೇ ಹಿಡಿದರೆ, ಮರುದಿನ ಮನೆಯವರನ್ನು ಕೂರಿಸಿಕೊಳ್ಳಲು ಅಡ್ಡಿಯಿಲ್ಲ.