ಸೂಟ್‌ಕೇಸಿನಲ್ಲಿ ಬಂದ ಜಂತುಹುಳದ ಮಾತ್ರೆ

ಊರಿಂದ ಅಜ್ಜಿ ಬಂದರೆ ಸಾರಿನ ಪುಡಿ, ಚಟ್ನಿಪುಡಿಯ ಜೊತೆ ಅಲ್ಬೆಂಡಜೋಲ್ ಮಾತ್ರೆಯೂ ಬರುವುದುಂಟು. "ಆರು ತಿಂಗಳಿಗೊಮ್ಮೆ ಕೊಡಬೇಕಮ್ಮ" ಎನ್ನುವ ಅವರ ಮಾತು ಊರಿಗೆ ಸರಿಯೇ. ಮಣ್ಣಿನಿಂದ ಹುಳು ತಗಲುವುದು ಅಲ್ಲಿ ಹೆಚ್ಚು. ಅದಕ್ಕೇ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಶಾಲೆ, ಅಂಗನವಾಡಿಗಳಲ್ಲಿ ಇದನ್ನೇ ಕೊಡುತ್ತಾರೆ. ಲಂಡನ್ನಿನಲ್ಲೋ ಡಲ್ಲಾಸಿನಲ್ಲೋ ಬೆಳೆಯುವ ಮಗುವಿಗೆ ಹಾಗೆ ರೂಢಿಯ ಮೇಲೆ ಕೊಡಬೇಕಿಲ್ಲ.

ಈ ದೇಶಗಳ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದು ಪಿನ್‌ವರ್ಮ್. ರಾತ್ರಿ ಹಿಂಭಾಗದಲ್ಲಿ ತುರಿಕೆ, ಮಲದಲ್ಲಿ ಬಿಳಿ ದಾರದ ಚೂರಿನಂಥ ಹುಳು. ಬ್ರಿಟನ್ನಿನಲ್ಲಿ ಎರಡು ವರ್ಷ ದಾಟಿದವರಿಗೆ ಮೆಬೆಂಡಜೋಲ್, ಅಮೆರಿಕದಲ್ಲಿ ತೂಕ ನೋಡಿ ಕೊಡುವ ಪೈರಾಂಟೆಲ್ ಡಾಕ್ಟರ ಚೀಟಿಯಿಲ್ಲದೆ ಸಿಗುತ್ತವೆ. ಮಗು ಅದಕ್ಕಿಂತ ಚಿಕ್ಕದಾದರೆ ಡಾಕ್ಟರನ್ನೇ ಕೇಳಿ. ಔಷಧಿ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದ್ದರಿಂದ ಎರಡು ವಾರ ಬಿಟ್ಟು ಇನ್ನೊಂದು ಡೋಸ್ ಬೇಕಾಗಬಹುದು. ಮನೆಮಂದಿಯೆಲ್ಲ ಒಂದೇ ದಿನ ತೆಗೆದುಕೊಳ್ಳಿ. ಬಸುರಿಯರು ಮಾತ್ರ ಕೇಳದೆ ಮುಟ್ಟಬಾರದು. ಉಗುರು ಚಿಕ್ಕದಾಗಿ ಕತ್ತರಿಸಿ, ಬೆಳಿಗ್ಗೆಯೇ ಸ್ನಾನ ಮಾಡಿಸಿ.

ಡಾಕ್ಟರೇ ಅಲ್ಬೆಂಡಜೋಲ್ ಬರೆದುಕೊಟ್ಟರೆ? ಸಾಮಾನ್ಯ ಜಂತುಹುಳಕ್ಕೆ ಒಂದರಿಂದ ಎರಡು ವರ್ಷದವರಿಗೆ 200 ಮಿಲಿಗ್ರಾಂ, ಮೇಲ್ಪಟ್ಟವರಿಗೆ 400. ಚಿಕ್ಕವರಿಗೆ ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಿ, ದೊಡ್ಡವರು ಅಗಿದು ತಿನ್ನಲಿ. ಅಳುವ ಮಗುವಿನ ಮೂಗು ಹಿಡಿದು ಬಾಯಿಗೆ ಹಾಕುವ ಹಳೇ ಪದ್ಧತಿ ಬೇಡವೇ ಬೇಡ, ಮಾತ್ರೆ ಉಸಿರುನಾಳಕ್ಕೆ ಸಿಕ್ಕಿಕೊಂಡೀತು.

ಮಗುವಿಗೆ ಎಂದಾದರೂ ಫಿಟ್ಸ್ ಬಂದಿತ್ತೇ? ಅದನ್ನು ಮೊದಲೇ ಹೇಳಿ. ಮಿದುಳಿನಲ್ಲಿ ಲಾಡಿಹುಳದ ಗಂಟು ಇದ್ದರೆ ಇದೇ ಮಾತ್ರೆಯಿಂದ ಅದರ ಸುತ್ತ ಊತವೆದ್ದು ಮತ್ತೆ ಫಿಟ್ಸ್ ಬರಬಹುದು. ಪಿತ್ತಜನಕಾಂಗದ ತೊಂದರೆಯಿದ್ದರೂ ಮುಚ್ಚಿಡಬೇಡಿ.